ಗಣಿತ ಕಲಿಸುವ ಯಂತ್ರ: ನೂರು ವರ್ಷಗಳ ಹಾದಿ

ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿ ಎಂದರೆ ಹಲವು ಹಳ್ಳಗಳು ಬಂದು ಕೂಡುವ ಹೊಳೆಯಂತೆ. ಸುತ್ತಲಿನ ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ ಜೂನ್ ತಿಂಗಳಲ್ಲಿ ಮಕ್ಕಳು ಬಂದು ಸೇರುತ್ತಾರೆ. ಒಬ್ಬನಿಗೆ ಬೀಜೋಕ್ತಿಗಳ ಗುಣಾಕಾರ ಸಲೀಸು. ಅವನ ಪಕ್ಕದವಳು ಭಿನ್ನರಾಶಿ ಕಂಡರೆ ತಡವರಿಸುತ್ತಾಳೆ. ಹಿಂದಿನ ಬೆಂಚಿನವನಿಗೆ ದಶಕ ಸಹಿತ ವ್ಯವಕಲನವೇ ಇನ್ನೂ ಕೈಗೆ ಹತ್ತಿಲ್ಲ. ಪಠ್ಯಪುಸ್ತಕ ಮಾತ್ರ ಮೂವರಿಗೂ ಒಂದೇ, ಅವಧಿಯೂ ಒಂದೇ, ವರ್ಷದ ಕೊನೆಯ ಪರೀಕ್ಷೆಯೂ ಒಂದೇ. ಕಪ್ಪು ಹಲಗೆಯ ಮುಂದೆ ನಿಂತ ಶಿಕ್ಷಕರು ಯಾರ ಮಟ್ಟಕ್ಕೆ ಪಾಠ ಮಾಡಬೇಕು?

ಇದು ನಮ್ಮೊಬ್ಬರ ಶಾಲೆಯ ಸಮಸ್ಯೆಯಲ್ಲ, ಇಂದಿನದೂ ಅಲ್ಲ. ತರಗತಿ ಎಂಬ ವ್ಯವಸ್ಥೆ ಹುಟ್ಟಿದಂದಿನಿಂದ ಈ ಪ್ರಶ್ನೆಯೂ ಇದೆ. ಪ್ರತಿ ಮಗುವಿನ ಮಟ್ಟವನ್ನು ತಾನೇ ಅಳೆದು, ಅದಕ್ಕೆ ತಕ್ಕ ಲೆಕ್ಕವನ್ನು ಕೊಡುತ್ತ ಹೋಗುವ ಗಣಿತ ತಂತ್ರಾಂಶಗಳು ಈಗ ಕಂಪ್ಯೂಟರಿಗೂ ಮೊಬೈಲಿಗೂ ಬಂದಿವೆ. ಇವನ್ನು ಅಡಾಪ್ಟಿವ್ ತಂತ್ರಾಂಶ ಎನ್ನುತ್ತಾರೆ. ಇವು ನಿನ್ನೆ ಮೊನ್ನೆ ಹುಟ್ಟಿದವು ಎಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಇವುಗಳ ಹಿಂದೆ ಒಂದು ಶತಮಾನದ ಪ್ರಯೋಗಗಳಿವೆ, ಸೋಲುಗಳೂ ಇವೆ. ಶಾಲೆಯ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಆ ಹಾದಿಯನ್ನು ಒಮ್ಮೆ ನೋಡುವುದು ಉಪಯುಕ್ತ.

ಮರಳಿನಿಂದ ಪೆಟ್ಟಿಗೆಗೆ

ನಮ್ಮ ಹಳೆಯ ಜಗಲಿ ಶಾಲೆಗಳಲ್ಲಿ, ಕೂಲಿಮಠಗಳಲ್ಲಿ ಇಂದಿನ ಅರ್ಥದ ತರಗತಿ ಇರಲಿಲ್ಲ. ಒಬ್ಬ ಹುಡುಗ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರೆ ಇನ್ನೊಬ್ಬ ಮಗ್ಗಿ ಒಪ್ಪಿಸುತ್ತಿದ್ದ. ಕಲಿತವನು ಕಲಿಯುವವನಿಗೆ ಹೇಳಿಕೊಡುತ್ತಿದ್ದ. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಹೊಣೆ ಹೊತ್ತ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಆ ಕ್ರಮವನ್ನು ತನ್ನ ಶಾಲೆಗೆ ತಂದ. ದೊಡ್ಡ ಹುಡುಗರನ್ನು ಚಿಕ್ಕವರಿಗೆ ಕಲಿಸಲು ಹಚ್ಚಿದ. 1797ರಲ್ಲಿ ಅವನು ಪ್ರಕಟಿಸಿದ ಪುಸ್ತಕದಿಂದ ಅದು ಇಂಗ್ಲೆಂಡಿನಲ್ಲಿ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ಮುಂದೆ ವಯಸ್ಸಿಗೆ ಒಂದು ತರಗತಿ, ತರಗತಿಗೆ ಒಂದು ಪುಸ್ತಕ ಎಂಬ ಕ್ರಮ ಎಲ್ಲೆಡೆ ನೆಲೆಯೂರಿತು. ಅದರಿಂದ ಸಾವಿರಾರು ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು, ನಿಜ. ಆದರೆ ತನ್ನ ಹೆಜ್ಜೆಯಲ್ಲಿ ತಾನು ನಡೆಯುವ ಅವಕಾಶ ಮಗುವಿನ ಕೈತಪ್ಪಿತು.

ಕೈತಪ್ಪಿದ್ದನ್ನು ಯಂತ್ರದಿಂದ ಮರಳಿ ಪಡೆಯಬಹುದೆಂಬ ಆಸೆ ಅಮೆರಿಕದಲ್ಲಿ ಹುಟ್ಟಿತು. ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1912ರಲ್ಲೇ ಒಂದು ವಿಚಿತ್ರ ಪುಸ್ತಕವನ್ನು ಕಲ್ಪಿಸಿಕೊಂಡಿದ್ದ. ಮೊದಲ ಪುಟದ ಕೆಲಸ ಮುಗಿಸಿದವನಿಗೆ ಮಾತ್ರ ಎರಡನೆಯ ಪುಟ ಕಾಣಿಸಬೇಕು! 1920ರ ದಶಕದಲ್ಲಿ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಿಡ್ನಿ ಪ್ರೆಸ್ಸಿ ಅಂಥದ್ದೊಂದು ಪೆಟ್ಟಿಗೆಯನ್ನು ಮಾಡಿಯೇ ಬಿಟ್ಟ. ಪ್ರಶ್ನೆಗೆ ನಾಲ್ಕು ಉತ್ತರಗಳು, ನಾಲ್ಕು ಗುಂಡಿಗಳು. ಸರಿಯಾದ ಗುಂಡಿ ಒತ್ತುವವರೆಗೆ ಮುಂದಿನ ಪ್ರಶ್ನೆ ಬಾರದು. ಆದರೆ ಅಮೆರಿಕ ಆರ್ಥಿಕ ಕುಸಿತಕ್ಕೆ ಸಿಕ್ಕಿದ ವರ್ಷಗಳಲ್ಲಿ ಆ ಪೆಟ್ಟಿಗೆಯನ್ನು ಕೊಳ್ಳುವವರಿರಲಿಲ್ಲ.

1953ರ ನವೆಂಬರಿನಲ್ಲಿ ಹಾರ್ವರ್ಡಿನ ಬಿ. ಎಫ್. ಸ್ಕಿನ್ನರ್ ತನ್ನ ಮಗಳ ನಾಲ್ಕನೆಯ ತರಗತಿಯ ಗಣಿತ ಪಾಠ ನೋಡಲು ಹೋದ. ಬೇಗ ಮುಗಿಸಿದ ಮಕ್ಕಳು ಸುಮ್ಮನೆ ಕುಳಿತಿದ್ದರು, ಬಾರದವರು ತಿಣುಕುತ್ತಿದ್ದರು. ತಾನು ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಯಾವ ಮಗುವಿಗೂ ಆಗಲೇ ತಿಳಿಯುತ್ತಿರಲಿಲ್ಲ. ಮರುವರ್ಷವೇ ಅವನು ಅಂಕಗಣಿತ ಕಲಿಸುವ ಯಂತ್ರವನ್ನು ತೋರಿಸಿದ. ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಉತ್ತರಕ್ಕೂ ತಕ್ಷಣ ಸರಿ-ತಪ್ಪು ಹೇಳುವುದು ಅದರ ಕ್ರಮ. ವೇಗ ಮಾತ್ರ ಮಗುವಿನದು, ದಾರಿ ಎಲ್ಲರಿಗೂ ಒಂದೇ. ಆ ದಾರಿಯನ್ನೇ ಕವಲಾಗಿಸಿದವನು ನಾರ್ಮನ್ ಕ್ರೌಡರ್. ಅವನ ಪುಸ್ತಕಗಳಲ್ಲಿ ತಪ್ಪು ಉತ್ತರ ಆರಿಸಿದವರು ಬೇರೊಂದು ಪುಟಕ್ಕೆ ಹೋಗಬೇಕು, ತಪ್ಪೇಕಾಯಿತೆಂಬ ವಿವರಣೆ ಅಲ್ಲಿರುತ್ತದೆ. ಇಂದಿನ ತಂತ್ರಾಂಶಗಳ ಬೀಜ ಅಲ್ಲಿದೆ.

ದೂರವಾಣಿ ತಂತಿಯಲ್ಲಿ ಬಂದ ಲೆಕ್ಕ

1960ರ ದಶಕದ ನಡುವೆ ಕಂಪ್ಯೂಟರ್ ತರಗತಿಗೆ ಕಾಲಿಟ್ಟಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಸಪ್ಪೀಸ್ ಮತ್ತು ಅವನ ಸಂಗಡಿಗರು ಕ್ಯಾಲಿಫೋರ್ನಿಯದ ಶಾಲೆಯೊಂದರಲ್ಲಿ ಟೆಲಿಟೈಪ್ ಯಂತ್ರ ಇರಿಸಿ, ದೂರವಾಣಿ ತಂತಿಯ ಮೂಲಕ ಅದನ್ನು ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಜೋಡಿಸಿದರು. ಮಕ್ಕಳು ಸರದಿಯಂತೆ ಬಂದು ಕೆಲವು ನಿಮಿಷ ಲೆಕ್ಕ ಮಾಡಿ ಹೋಗುತ್ತಿದ್ದರು. ಪ್ರತಿ ಘಟಕದ ಲೆಕ್ಕಗಳಿಗೆ ಕಠಿಣತೆಯ ಐದು ಮಟ್ಟಗಳಿದ್ದವು. ಇಂದು ಪಡೆದ ಅಂಕ ನಾಳೆಯ ಮಟ್ಟವನ್ನು ನಿರ್ಧರಿಸುತ್ತಿತ್ತು. ಅಲೆಗ್ಸಾಂಡರನಿಗೆ ಅರಿಸ್ಟಾಟಲ್ ದೊರೆತಂತೆ ಇನ್ನು ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಮಕ್ಕಳಿಗೆ ತಮ್ಮದೇ ಗುರು ದೊರೆಯುತ್ತಾನೆ ಎಂದು ಸಪ್ಪೀಸ್ 1966ರಲ್ಲಿ ಬರೆದ.

ಆ ಭರವಸೆಗೆ ಎಚ್ಚರಿಕೆ ಹೇಳಿದ್ದು ಬೆನ್ನಿ ಎಂಬ ಹನ್ನೆರಡು ವರ್ಷದ ಹುಡುಗ. ಅದು ಅವನ ನಿಜವಾದ ಹೆಸರಲ್ಲ. ಅವನ ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಆದರೆ ಪ್ರತಿ ಮಗುವೂ ತನ್ನ ವೇಗದಲ್ಲಿ ಅಭ್ಯಾಸ ಹಾಳೆ ಮುಗಿಸಿ, ಕಿರುಪರೀಕ್ಷೆ ದಾಟಿ ಮುಂದೆ ಹೋಗುವ ವ್ಯವಸ್ಥೆ ಇತ್ತು. ದಾಖಲೆಯ ಪ್ರಕಾರ ಬೆನ್ನಿ ಜಾಣ. ಸ್ಟ್ಯಾನ್ಲಿ ಅರ್ಲ್‌ವಾಂಗರ್ ಎಂಬ ಸಂಶೋಧಕ ಅವನೊಡನೆ ಕುಳಿತು ಮಾತನಾಡಿ 1973ರಲ್ಲಿ ವರದಿ ಬರೆದಾಗ ತಿಳಿದದ್ದೇ ಬೇರೆ. ಹತ್ತನೆಯ ಐದು ಭಾಗವನ್ನು, ಅಂದರೆ 5/10ನ್ನು, ದಶಮಾಂಶದಲ್ಲಿ ಬರೆ ಎಂದರೆ ಬೆನ್ನಿ 1.5 ಎನ್ನುತ್ತಿದ್ದ. ಐದೂ ಹತ್ತೂ ಕೂಡಿದರೆ ಹದಿನೈದು, ನಡುವೆ ಒಂದು ಬಿಂದು! ಅದೇ ನಿಯಮದಿಂದ 4/11ಕ್ಕೂ ಅವನ ಉತ್ತರ 1.5, ತಿರುಗಿಸಿ ಬರೆದ 11/4ಕ್ಕೂ 1.5. ಅವನಿಗೆ ಗಣಿತವೆಂದರೆ ಉತ್ತರದ ಕೀಲಿಯೊಡನೆ ಆಡುವ ಊಹೆಯ ಆಟವಾಗಿತ್ತು. ಹಾಳೆಗಳು ಅವನನ್ನು ಮುಂದೆ ಮುಂದೆ ಕಳುಹಿಸಿದವು. ‘ಇದು ಹೇಗೆ ಬಂತು, ಹೇಳು’ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಮಕ್ಕಳ ತಪ್ಪಿಗೂ ಒಂದು ತರ್ಕವಿರುತ್ತದೆ ಎಂಬ ಅರಿವು ಮುಂದಿನ ತಂತ್ರಾಂಶಗಳಿಗೆ ತಳಹದಿಯಾಯಿತು. 52ರಲ್ಲಿ 37 ಕಳೆದರೆ 25 ಎಂದು ಬರೆಯುವ ಮಗು ಅಜಾಗರೂಕತೆಯಿಂದ ಬರೆಯುತ್ತಿಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕೆಂಬ ತನ್ನದೇ ನಿಯಮವನ್ನು ಅದು ಪಾಲಿಸುತ್ತಿದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಇಂಥ ತಪ್ಪು ನಿಯಮಗಳನ್ನು ಪತ್ತೆ ಹಚ್ಚುವ ಕ್ರಮವನ್ನು ಕಂಪ್ಯೂಟರಿಗೆ ಅಳವಡಿಸಿದರು. 1985ರಲ್ಲಿ ದ್ವಾನ್ಯೋನ್ ಮತ್ತು ಫಾಲ್ಮಾನ್ಯ ಎಂಬ ವಿದ್ವಾಂಸರು, ಒಂದು ಲೆಕ್ಕ ಬರಬೇಕಾದರೆ ಮೊದಲು ಯಾವ ಯಾವ ಲೆಕ್ಕ ಬಂದಿರಬೇಕು ಎಂಬ ನಕ್ಷೆಯನ್ನು ಗಣಿತದ ಭಾಷೆಯಲ್ಲಿ ರಚಿಸಿದರು. ‘ಅಲೆಕ್ಸ್’ ಎಂಬ ತಂತ್ರಾಂಶ ಅದರ ಫಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಆಂಡರ್ಸನ್ ತಂಡ ಲೆಕ್ಕದ ಉತ್ತರವನ್ನಷ್ಟೇ ಅಲ್ಲದೆ ಪ್ರತಿ ಹಂತವನ್ನೂ ಗಮನಿಸುವ ಬೀಜಗಣಿತ ತಂತ್ರಾಂಶವನ್ನು 1990ರ ದಶಕದಲ್ಲಿ ಪಿಟ್ಸ್‌ಬರ್ಗಿನ ಶಾಲೆಗಳಿಗೆ ತಂದಿತು.

ಆ ಪರಂಪರೆಯ ಬೀಜಗಣಿತ ಪಠ್ಯಕ್ರಮವನ್ನು ಅಮೆರಿಕದ ಏಳು ರಾಜ್ಯಗಳ 147 ಶಾಲೆಗಳಲ್ಲಿ ಪರೀಕ್ಷಿಸಿದ ರ‍್ಯಾಂಡ್ ಸಂಸ್ಥೆಯ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಪ್ರಯೋಜನ ಕಾಣಲಿಲ್ಲ. ಎರಡನೆಯ ವರ್ಷ ಪ್ರೌಢಶಾಲೆಗಳಲ್ಲಿ ಸ್ಪಷ್ಟವಾಗಿ ಕಂಡಿತು. ಮೊದಲ ವರ್ಷದ ಅಂಕ ನೋಡಿ ಕೈಚೆಲ್ಲಿದ್ದರೆ ಆ ಫಲ ಕಾಣುತ್ತಲೇ ಇರಲಿಲ್ಲ.

ನಮ್ಮ ದೇಶದ ಪ್ರಯೋಗಗಳು

ಭಾರತದ ಶಾಲೆಗಳಿಗೆ ಕಂಪ್ಯೂಟರ್ ತರುವ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ 1984ರಲ್ಲಿ ಆರಂಭವಾಯಿತು. ಅಲ್ಲಿ ಮುಖ್ಯವಾಗಿದ್ದುದು ಕಂಪ್ಯೂಟರನ್ನು ಕಲಿಯುವುದು, ಕಂಪ್ಯೂಟರಿನಿಂದ ಗಣಿತ ಕಲಿಯುವುದಲ್ಲ. 2002ರ ನಂತರ ಗುಜರಾತಿನ ವಡೋದರದ ಪಾಲಿಕೆ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿತು. ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಆ ಮಕ್ಕಳ ಗಣಿತದ ಅಂಕಗಳು ಚೆನ್ನಾಗಿ ಏರಿದವು. ಗುಜರಾತಿನಲ್ಲೇ ನಡೆದ ಮತ್ತೊಂದು ಪ್ರಯೋಗದಲ್ಲಿ, ಶಿಕ್ಷಕರ ಪಾಠದ ಹೊತ್ತನ್ನು ಕಸಿದು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳು ಹಿಂದೆ ಬಿದ್ದರು. ಪಾಠದ ಜೊತೆಗೆ ಹೆಚ್ಚುವರಿಯಾಗಿ ಕೊಟ್ಟ ಕಡೆ, ಅದರಲ್ಲೂ ಹಿಂದುಳಿದ ಮಕ್ಕಳು, ಮುಂದೆ ಬಂದರು. ಯಂತ್ರ ಒಂದೇ, ಇರಿಸಿದ ಜಾಗ ಬೇರೆ.

2015ರಲ್ಲಿ ದೆಹಲಿಯಲ್ಲಿ ನಡೆದ ಪ್ರಯೋಗ ಪ್ರೌಢಶಾಲೆಗೆ ಇನ್ನೂ ಹತ್ತಿರದ್ದು. ಸರ್ಕಾರಿ ಶಾಲೆಗಳ ಮಕ್ಕಳಿಗೆ ಶಾಲೆಯ ಹೊತ್ತಿನ ಹೊರಗೆ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶದಿಂದ 45 ನಿಮಿಷ, ಸಹಾಯಕರೊಬ್ಬರ ಜೊತೆ ಸಣ್ಣ ಗುಂಪಿನಲ್ಲಿ 45 ನಿಮಿಷ ಅಭ್ಯಾಸ. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂಡ್ರೊ ಗನಿಮಿಯನ್ 619 ಮಕ್ಕಳನ್ನು ಅಧ್ಯಯನ ಮಾಡಿದರು. ಆರನೆಯ ತರಗತಿಯ ಸರಾಸರಿ ಮಗು ಗಣಿತದಲ್ಲಿ ಎರಡೂವರೆ ತರಗತಿಗಳಷ್ಟು ಹಿಂದಿತ್ತು, ಮೇಲಿನ ತರಗತಿಗೆ ಹೋದಂತೆ ಆ ಅಂತರ ಹೆಚ್ಚುತ್ತಿತ್ತು. ತಂತ್ರಾಂಶ ಸಿಗದ ಮಕ್ಕಳಲ್ಲಿ ಕೆಳಗಿನ ಮೂರನೆಯ ಒಂದು ಭಾಗದವರು ಶಾಲೆಗೆ ಬರುತ್ತಿದ್ದರೂ ಆ ಅವಧಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಲಿತಿರಲಿಲ್ಲ. ತಂತ್ರಾಂಶ ಸಿಕ್ಕವರು ನಾಲ್ಕೂವರೆ ತಿಂಗಳಲ್ಲಿ ಗಣನೀಯವಾಗಿ ಕಲಿತರು.

ಆದರೆ ಇದೇ ಅಧ್ಯಯನದ ಇನ್ನೊಂದು ಮಾತನ್ನು ನಾವು ಮರೆಯಬಾರದು. ಶಾಲೆಯ ಗಣಿತ ಪರೀಕ್ಷೆಯಲ್ಲಿ ಆ ಮಕ್ಕಳ ಅಂಕ ಏರಲಿಲ್ಲ. ಕಾರಣ ಸರಳ. ಎಂಟನೆಯ ತರಗತಿಯ ಹುಡುಗಿ ಐದನೆಯ ತರಗತಿಯ ಭಿನ್ನರಾಶಿಯನ್ನು ಕಷ್ಟಪಟ್ಟು ಕಲಿತಳು, ಪರೀಕ್ಷೆ ಕೇಳಿದ್ದು ಎಂಟನೆಯ ತರಗತಿಯ ಪ್ರಶ್ನೆ. ಅವಳು ಏರಿದ ಮೆಟ್ಟಿಲು ನಮ್ಮ ಅಂಕಪಟ್ಟಿಗೆ ಕಾಣುವುದಿಲ್ಲ.

ನಮ್ಮ ನಾಡಿನಲ್ಲಿ

ಮಗುವಿನ ಮಟ್ಟಕ್ಕೆ ಪಾಠ ಎಂಬ ವಿಚಾರ ಕರ್ನಾಟಕಕ್ಕೆ ಕಂಪ್ಯೂಟರಿನಿಂದ ಬಂದದ್ದಲ್ಲ. ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಸ್ಫೂರ್ತಿ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಮ್ಮ ಪ್ರಾಥಮಿಕ ಶಾಲಾ ಶಿಕ್ಷಕರೇ ‘ನಲಿ ಕಲಿ’ಯನ್ನು ರೂಪಿಸಿದರು. ಕಲಿಕಾ ಏಣಿ, ಮೈಲಿಗಲ್ಲು, ಚಿತ್ರವಿರುವ ಕಾರ್ಡು: ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ, ರಜೆ ಹಾಕಿ ಬಂದರೂ ಬಿಟ್ಟಲ್ಲಿಂದಲೇ ಶುರು. ತಂತ್ರಾಂಶ ಮಾಡುವ ಕೆಲಸವೂ ಇದೇ, ಏಣಿ ಮಾತ್ರ ಪರದೆಯ ಮೇಲಿದೆ. ಪ್ರತಿ ಜೂನ್‌ನಲ್ಲಿ ನಾವು ಪೂರ್ವ ಪರೀಕ್ಷೆ ಮಾಡಿ ನಡೆಸುವ ‘ಸೇತುಬಂಧ’ವೂ, ಕೋವಿಡ್ ನಂತರ 2022-23ರಲ್ಲಿ ನಡೆದ ‘ಕಲಿಕಾ ಚೇತರಿಕೆ’ಯೂ ಇದೇ ದಾರಿಯವು.

ತಂತ್ರಜ್ಞಾನದ ದಾರಿ ಬೇರೆಯಾಗಿತ್ತು. 2000ದ ದಶಕದ ಆರಂಭದ ‘ಮಾಹಿತಿ ಸಿಂಧು’ ಯೋಜನೆ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದಿಂದ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಪಾಠ ಬಂದಿತು. ಒಳ್ಳೆಯ ಪಾಠಗಳೇ, ಆದರೆ ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಪಾಠ. ಆಕಾಶದಿಂದ ಬಂದರೂ ಅದು ಕಪ್ಪು ಹಲಗೆಯೇ.

ಮುಂದೆ ಏನು?

ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕೆಂದು ಬಯಸುವುದು ಸಹಜ. ಕಂಪ್ಯೂಟರ್, ಟ್ಯಾಬ್, ಇಂಟರ್‌ನೆಟ್ ಎಂದು ಹಲವರು ಹೇಳುತ್ತಾರೆ. ಕೊಡುವ ಕೈಗಳಿಗೂ ಪಡೆಯುವ ನಮಗೂ ನೂರು ವರ್ಷಗಳ ಈ ಹಾದಿ ನಾಲ್ಕು ಮಾತು ಹೇಳುತ್ತದೆ.

ಗಣಿತದ ಅವಧಿಯನ್ನು ಯಂತ್ರಕ್ಕೆ ಬಿಟ್ಟುಕೊಡಬಾರದು. ಯಂತ್ರಕ್ಕೆ ಬೆಳಗಿನ ಅಥವಾ ಸಂಜೆಯ ವಿಶೇಷ ತರಗತಿ ಸಾಕು. ಅದರ ಮುಂದೆ ಮೊದಲು ಕೂರಬೇಕಾದವರು ಚುರುಕಾದ ಹತ್ತು ಮಕ್ಕಳಲ್ಲ, ಎರಡು ಮೂರು ತರಗತಿ ಹಿಂದೆ ಉಳಿದವರು. ಪರದೆಯ ಮೇಲೆ ಸರಿ ಎಂದು ಬಂದ ಲೆಕ್ಕವನ್ನು ಮಗು ಪಟ್ಟಿಯಲ್ಲಿ ಬರೆದು, ಹೇಗೆ ಬಂತೆಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ನಮ್ಮಲ್ಲೂ ಬೆನ್ನಿಗಳು ಬೆಳೆಯುತ್ತಾರೆ. ಕಡೆಯದಾಗಿ, ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆಂದು ತಂತ್ರಾಂಶ ಕೊಡುವ ವರದಿಯನ್ನು ವಾರಕ್ಕೊಮ್ಮೆ ತೆರೆದು ನೋಡಲು ಶಿಕ್ಷಕರಿಗೆ ಬಿಡುವು ಬೇಕು. ಗಣತಿ, ತರಬೇತಿ, ದಾಖಲೆ ಭರ್ತಿಗಳ ನಡುವೆ ಆ ಬಿಡುವು ಸಿಗದಿದ್ದರೆ ಎಷ್ಟು ಕಂಪ್ಯೂಟರ್ ಬಂದರೂ ಅವುಗಳಿಗೆ ಹೊದಿಕೆ ಹೊದಿಸಿ ಬೀಗ ಹಾಕುವುದಷ್ಟೇ ಉಳಿಯುತ್ತದೆ.

ಊರಿಗೆ ಬಂದಾಗಲಾದರೂ ಸಂಜೆ ಒಂದು ಗಂಟೆ ಪ್ರಯೋಗಾಲಯಕ್ಕೆ ಬಂದು, ಲೆಕ್ಕ ತಪ್ಪಿದ ಮಗುವಿನ ಪಕ್ಕದಲ್ಲಿ ಕೂರಬಲ್ಲ ಹಳೆಯ ವಿದ್ಯಾರ್ಥಿಗಳು ನಮಗೆ ಬೇಕಾಗಿದ್ದಾರೆ. ದೆಹಲಿಯ ಪ್ರಯೋಗದಲ್ಲೂ ಅರ್ಧ ಹೊತ್ತು ಯಂತ್ರದ್ದಾಗಿತ್ತು, ಉಳಿದರ್ಧ ಮನುಷ್ಯರದ್ದು. ಯಂತ್ರ ಕೊಡಲು ಹಣವಿಲ್ಲದವರು ಈ ಉಳಿದರ್ಧವನ್ನು ಕೊಡಬಹುದು.