ಸಿಸ್‌ಲಾಗ್

ಸಿಸ್‌ಲಾಗ್: ಕಂಪ್ಯೂಟರಿನ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಮತ್ತು ಇತರ ತಂತ್ರಾಂಶಗಳು ಹೊರಡಿಸುವ ಸಂದೇಶಗಳನ್ನು ಸಮಯಸಹಿತ ದಾಖಲಿಸುವ ವ್ಯವಸ್ಥೆ; ಅವನ್ನು ಜಾಲದಲ್ಲಿ ಸಾಗಿಸುವ ಪ್ರೋಟೊಕಾಲ್‌ಗೂ ಇದೇ ಹೆಸರು. 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶಕ್ಕಾಗಿ ರೂಪಿಸಿದ ಇದು ಮುಂದೆ ಯೂನಿಕ್ಸ್ ಬಳಗದಲ್ಲೆಲ್ಲ ಹರಡಿತು. 2009ರ ಆರ್‌ಎಫ್‌ಸಿ 5424 ಎಂಬ ಅಂತರಜಾಲ ಮಾನಕ ದಾಖಲೆ ಇದರ ಸ್ವರೂಪವನ್ನು ನಿಗದಿಪಡಿಸಿದೆ. ಸಂದೇಶಗಳ ತೀವ್ರತೆಗೆ 0ರಿಂದ 7ರವರೆಗೆ ಎಂಟು ಹಂತಗಳು. 0 ತುರ್ತುಸ್ಥಿತಿ, 3 ದೋಷ, 7 ಡೀಬಗ್.

ಮನೆಯ ಸರ್ವರ್‌ಗಳಲ್ಲಿ ಒಂದೇ ದೋಷ ಪದೇ ಪದೇ ದಾಖಲಾಗುವುದು ಸಾಮಾನ್ಯ. ಸಾಲುಗಳ ಸಂಖ್ಯೆ ಅಪಾಯದ ಅಳತೆಯಲ್ಲ: ಯಂತ್ರದ ಬಿಡಿಭಾಗಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನ ‘ಸರಿಪಡಿಸಲಾದ ದೋಷ’ ಸಾವಿರಾರು ಸಾಲು ತುಂಬಿದರೂ ದತ್ತಾಂಶ ಕಳೆದಿರುವುದಿಲ್ಲ; ಆದರೆ ಡಿಸ್ಕ್ ಓದಲಾಗಲಿಲ್ಲ ಎಂಬ ಒಂದೇ ಸಾಲು ಡಿಸ್ಕ್ ಕೆಡುತ್ತಿರುವ ಸೂಚನೆಯಾಗಬಹುದು. ಪತ್ತೆಗೆ ಮುಖ್ಯವಾದವು ದೋಷ ಮೊದಲು ಕಾಣಿಸಿದ ಸಾಲು, ಅದಕ್ಕೆ ಮುಂಚಿನ ಅಪ್‌ಡೇಟ್ ಅಥವಾ ರೀಸ್ಟಾರ್ಟ್, ಮರುಕಳಿಕೆಯ ಅಂತರ. ಅಂತರ ನಿಯತವಾಗಿದ್ದರೆ ನಿಗದಿತ ಸಮಯಕ್ಕೆ ತಾನಾಗಿ ನಡೆಯುವ ಕ್ರಾನ್ ಕೆಲಸವನ್ನೋ ನಿಂತು ಮತ್ತೆ ಶುರುವಾಗುವ ಸೇವೆಯನ್ನೋ ಶಂಕಿಸಲಾಗುತ್ತದೆ. ಡಿಸ್ಕ್ ಬಳಸಿದಾಗಲಷ್ಟೇ ಬರುವ ಸಾಟಾ (ಡಿಸ್ಕ್ ಸಂಪರ್ಕ) ದೋಷಕ್ಕೆ ಹಲವೊಮ್ಮೆ ಸಡಿಲವಾದ ಕೇಬಲ್ಲೇ ಕಾರಣ; ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ನೀಡುವ ಸ್ಮಾರ್ಟ್ ವರದಿಯಲ್ಲಿ ಸಿಆರ್‌ಸಿ (ದತ್ತಾಂಶ ಸಾಗಣೆಯ ತಪ್ಪು ಹಿಡಿಯುವ ಪರೀಕ್ಷೆ) ದೋಷಗಳ ಎಣಿಕೆ ಏರುತ್ತಿದ್ದರೆ ಈ ಶಂಕೆ ಬಲಗೊಳ್ಳುತ್ತದೆ. ಹಳೆಯ ಲಾಗ್ ಕಡತಗಳನ್ನು ಸರದಿಯಂತೆ ಅಳಿಸಲು ಲಾಗ್‌ರೊಟೇಟ್ ಎಂಬ ತಂತ್ರಾಂಶ ಬಳಕೆಯಲ್ಲಿದೆ. ಅದಿಲ್ಲದಿದ್ದರೆ ಮರುಕಳಿಸುವ ಸಂದೇಶಗಳೇ ಡಿಸ್ಕನ್ನು ತುಂಬಿಸಬಲ್ಲವು.