ಕಾನಕಾನಹಳ್ಳಿಯ ಎರಡು ಸಾಲು

ಇಂದಿನ ಕನಕಪುರದ ಹಳೆಯ ಹೆಸರು ಕಾನಕಾನಹಳ್ಳಿ. ಬ್ರಿಟಿಷರ ಕಾಲದ ಗೆಝೆಟಿಯರಿನಲ್ಲಿ ಈ ಊರಿನ ಬಗ್ಗೆ ಇರುವುದು ಅಲ್ಪ ಮಾಹಿತಿ. ಅದರಲ್ಲಿ ಎರಡು ಸಾಲು ಕಣ್ಣಿಗೆ ಬೀಳುತ್ತದೆ. ಕಾರ್ನ್‌ವಾಲಿಸನ ಸೈನ್ಯಕ್ಕೆ ಉಪಯೋಗವಾಗಬಾರದೆಂದು ಟಿಪ್ಪು ಸುಲ್ತಾನರು ಈ ಊರನ್ನು ಎರಡು ಸಲ ನಾಶಪಡಿಸಿದರು ಎಂಬುದು ಅದರ ತಾತ್ಪರ್ಯ.

ಈ ಸಾಲುಗಳನ್ನು ಹಿಡಿದು ಟಿಪ್ಪು ಕ್ರೂರಿ ಎಂದು ಭಾಷಣ ಮಾಡಬಹುದು. ಇದೇ ಸಾಲುಗಳನ್ನು ಹಿಡಿದು ಅವರ ಯುದ್ಧನೀತಿಯನ್ನು ಕೊಂಡಾಡಲೂ ಬಹುದು. ಎರಡನ್ನೂ ನಾವು ಕೇಳಿದ್ದೇವೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ಹೊರಟನು. ಚನ್ನಪಟ್ಟಣದ ನೇರ ದಾರಿಯನ್ನು ಟಿಪ್ಪು ಬರಿದು ಮಾಡಿದ್ದರಿಂದ ಅವನು ಕಾನಕಾನಹಳ್ಳಿಯ ಸುತ್ತುದಾರಿ ಹಿಡಿದನು. ಅಲ್ಲಿಯೂ ಮೇವಿಲ್ಲ, ಧಾನ್ಯವಿಲ್ಲ. ಎತ್ತುಗಳು ಸತ್ತವು. ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋದರೂ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಸೈನಿಕ ಲೆಕ್ಕದಲ್ಲಿ ಟಿಪ್ಪು ಗೆದ್ದಂತೆಯೇ. ಆದರೆ ಆ ಊರಿನ ರೈತನ ಕಣಜಕ್ಕೆ ಬೆಂಕಿ ಬಿದ್ದಾಗ ಅವನ ಮನೆಯವರು ಆ ಮಳೆಗಾಲವನ್ನು ಹೇಗೆ ಕಳೆದರು? ಗೆಝೆಟಿಯರಿಗೆ ಅದು ಬೇಕಾಗಿರಲಿಲ್ಲ. ಸುಲ್ತಾನರನ್ನು ಹೊಗಳುವ ಪುಸ್ತಕಗಳಿಗೂ ಬೇಕಾಗಿರುವಂತೆ ಕಾಣುವುದಿಲ್ಲ.

ಯಾವ ಪುಸ್ತಕ ಓದಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಅಭಿರುಚಿಯ ಪ್ರಶ್ನೆ ಎಂದು ತಿಳಿಯಲಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂತಹ ಸೀಮೆಯಲ್ಲಿ ಅದು ಅಷ್ಟು ಹಗುರವಾದ ಪ್ರಶ್ನೆಯಲ್ಲ. ಇಲ್ಲಿ ಊರಿನ ಹೆಸರಿನಲ್ಲಿಯೇ ಗೆದ್ದವರು ಕುಳಿತಿದ್ದರು. 1799ರ ನಂತರ ಮೈಸೂರಿನ ರೆಸಿಡೆಂಟ್ ಆದ ಬ್ಯಾರಿ ಕ್ಲೋಸ್‌ನಿಂದ ರಾಮನಗರ ಬಹುಕಾಲ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. 2007ರಲ್ಲಿ ಈ ನಾಲ್ಕು ತಾಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದೂ ಬದಲಾಗಿ ಬೆಂಗಳೂರು ದಕ್ಷಿಣ ಜಿಲ್ಲೆಯಾಗಿದೆ.

ಟಿಪ್ಪು ಹುತಾತ್ಮರಾದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದನು. ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ವೈದ್ಯ ಅವನು. ಚನ್ನಪಟ್ಟಣದಲ್ಲಿ ಗಾಜಿನ ಬಳೆ ಮಾಡುವವರನ್ನೂ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರನ್ನೂ ಕಂಡು ವಿವರವಾಗಿ ಬರೆದಿಟ್ಟನು. ಬೊಂಬೆಗಳ ಊರೆಂದು ನಾವು ತಿಳಿದಿರುವ ಚನ್ನಪಟ್ಟಣದ ಇನ್ನೊಂದು ಮುಖ ಸಿಗುವುದು ಅವನಿಂದಲೇ. ಆದರೆ ಹೊಸದಾಗಿ ಕೈಗೆ ಬಂದ ನಾಡಿನ ಆದಾಯವನ್ನು ಅಳೆಯಲು ಬಂದವನು ಅವನು ಎಂಬುದನ್ನು ಮರೆಯಬಾರದು. ಅತ್ತ ಹೈದರ್ ಮತ್ತು ಟಿಪ್ಪು ಇಬ್ಬರ ಸೇವೆಯಲ್ಲಿಯೂ ಇದ್ದ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಫಾರಸಿಯಲ್ಲಿ ಬರೆದ ಚರಿತ್ರೆಯಿದೆ. ಅದು ಆಸ್ಥಾನದವರ ಮಾತು. ರೈತರ ಅಂಗಳಕ್ಕೆ ಅದೂ ಇಳಿಯುವುದು ಕಡಿಮೆ.

ಹದೀಸ್ ವಿದ್ವಾಂಸರು ಒಂದು ವರದಿಯನ್ನು ಸ್ವೀಕರಿಸುವ ಮುಂಚೆ ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ನಂಬಲರ್ಹರೇ ಎಂದು ವಿಚಾರಿಸುತ್ತಿದ್ದರು. ಸನದ್ ಇಲ್ಲದ ಮಾತಿಗೆ ಬೆಲೆಯಿರಲಿಲ್ಲ. ‘ಓದು’ ಎಂಬ ಆದೇಶದಿಂದಲೇ ದಿವ್ಯವಾಣಿ ಆರಂಭವಾಯಿತೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಟಿಪ್ಪು ವಿಷಯ ಬಂದಾಗ ಈ ಸನದ್ ಕೇಳುವ ಅಭ್ಯಾಸ ಎಲ್ಲಿ ಹೋಗುತ್ತದೆಯೋ!

ಭಗವಾನ್ ಗಿದ್ವಾನಿಯವರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ 1976ರಲ್ಲಿ ಬಂದ ಕಾದಂಬರಿ. ಅದನ್ನು ಆಧರಿಸಿದ ಧಾರಾವಾಹಿ 1990ರಿಂದ ದೂರದರ್ಶನದಲ್ಲಿ ಪ್ರಸಾರವಾಯಿತು. ಅದು ಕಲ್ಪಿತ ಕಥೆ ಎಂಬ ಸೂಚನೆಯನ್ನು ಧಾರಾವಾಹಿಯೊಂದಿಗೆ ತೋರಿಸಬೇಕಾಯಿತು. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಅದೇ ಚರಿತ್ರೆಯಾಗಿ ಉಳಿಯಿತು. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಪ್ರಕಟವಾದಾಗ ಇದರ ಮತ್ತೊಂದು ಬದಿ ಕಾಣಿಸಿತು. ಕಾದಂಬರಿಯೊಳಗೆ ಆಕರ ಗ್ರಂಥಗಳ ಪಟ್ಟಿ ಇದೆಯೆಂಬ ಕಾರಣಕ್ಕೆ ಅನೇಕರು ಅದನ್ನು ಚರಿತ್ರೆಯೆಂದೇ ಓದಿದರು. ಪಟ್ಟಿ ಇದ್ದ ಮಾತ್ರಕ್ಕೆ ಪಾತ್ರಗಳು ಸಾಕ್ಷಿಗಳಾಗುವುದಿಲ್ಲ. ಎರಡೂ ಕಡೆಯವರು ಮಾಡಿದ ತಪ್ಪು ಒಂದೇ ಬಗೆಯದು. ಅದರಲ್ಲಿ ಯಾರೂ ಯಾರಿಗೂ ಪಾಠ ಹೇಳುವಂತಿಲ್ಲ.

ಹಾಗೆಂದು ಕಥೆ, ಕಾದಂಬರಿಗಳನ್ನು ಬದಿಗಿಟ್ಟು ಚರಿತ್ರೆಯನ್ನಷ್ಟೇ ಓದಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಟಿಪ್ಪು ತಮ್ಮ ಕನಸುಗಳನ್ನು ಸ್ವಹಸ್ತದಿಂದ ಬರೆದಿಟ್ಟಿದ್ದರು. ಆ ಹಸ್ತಪ್ರತಿ ಇಂದು ಲಂಡನ್ನಿನಲ್ಲಿದೆ. ಅದನ್ನು ಹಿಡಿದು ಗಿರೀಶ್ ಕಾರ್ನಾಡರು ‘ಟಿಪ್ಪು ಸುಲ್ತಾನ ಕಂಡ ಕನಸು’ ಬರೆದರು. ದೊರೆಯೊಬ್ಬನ ಒಳಗಿನ ಭಯ, ಆಸೆಗಳನ್ನು ಕಲ್ಪಿಸಿಕೊಳ್ಳುವ ಕೆಲಸ ನಾಟಕಕಾರನದು. ಯುದ್ಧದ ದಿನಾಂಕಗಳಿಂದ ಅದು ಆಗುವುದಲ್ಲ.

ಮಾಗಡಿಯ ಸಾವನದುರ್ಗ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. 1791ರ ಡಿಸೆಂಬರ್ 21ರಂದು ಇಂಗ್ಲಿಷರು ಈ ಕೋಟೆ ಹತ್ತಿದ್ದು ಅವರ ಯುದ್ಧಕಥನಗಳಲ್ಲಿ ದೊಡ್ಡ ಸಾಹಸ. 1984ರಲ್ಲಿ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಬಾರ್ ಗುಹೆಗಳನ್ನು ಸಾವನದುರ್ಗ ಮತ್ತು ರಾಮನಗರದ ಬಂಡೆಗಳಲ್ಲಿ ಸೃಷ್ಟಿಸಿದರು. (‘ಶೋಲೆ’ಯ ಗಬ್ಬರ್ ಸಿಂಗನನ್ನು ಬಲ್ಲವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ.) ಫಾರ್ಸ್ಟರ್ 1924ರಲ್ಲಿ ಬರೆದ ಮೂಲ ಕಾದಂಬರಿಯ ನಡುವೆ ನಿಂತಿರುವವರು ಡಾಕ್ಟರ್ ಅಝೀಝ್. ಮಾಡದ ಅಪರಾಧದ ಆರೋಪ ಹೊತ್ತ ಮುಸ್ಲಿಂ ವೈದ್ಯ. ಸರ್ ಸೈಯದ್ ಅಹ್ಮದ್ ಖಾನರ ಮೊಮ್ಮಗ, ಮುಂದೆ ಅಲಿಗಢ ವಿಶ್ವವಿದ್ಯಾಲಯದ ಉಪಕುಲಪತಿಯಾದ ಸೈಯದ್ ರಾಸ್ ಮಸೂದರಿಗೆ ಆ ಕೃತಿ ಅರ್ಪಿತವಾಗಿದೆ.

ಅದೇ ದುರ್ಗಕ್ಕೆ ಸಮೀಪದ ಮಂಚನಬೆಲೆಯಲ್ಲಿ 1954ರಲ್ಲಿ ಸಿದ್ಧಲಿಂಗಯ್ಯ ಹುಟ್ಟಿದರು. 1996ರಲ್ಲಿ ಬಂದ ಅವರ ಆತ್ಮಕಥನ ‘ಊರು ಕೇರಿ’ಯಲ್ಲಿ ಮಾಗಡಿ ಸೀಮೆಯ ಕೋಟೆಕೊತ್ತಲಗಳು ಮುಖ್ಯವಲ್ಲ, ಹಸಿವು ಮತ್ತು ಜಾತಿ ಮುಖ್ಯ. ಆಶ್ಚರ್ಯವೆಂದರೆ ಅಷ್ಟು ಸಂಕಟವನ್ನು ಹೇಳುತ್ತಲೇ ಆ ಪುಸ್ತಕ ನಗಿಸುತ್ತದೆ.

ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಮಕ್ಕಳ ಪದ್ಯ, ಕುಡುಕ ರತ್ನನ ಪದ, ಪಾಳಿಯ ಬೌದ್ಧ ಸಾಹಿತ್ಯ ಮೂರನ್ನೂ ಒಂದೇ ಜನ್ಮದಲ್ಲಿ ಬರೆದರು. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಒಂದು ಕೈಯಲ್ಲಿ ಹಳ್ಳಿಯ ಹಾಡು ಸಂಗ್ರಹಿಸಿದರೆ ಇನ್ನೊಂದು ಕೈಯಲ್ಲಿ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಮೂಲಕ ವಿದೇಶೀ ಪ್ರವಾಸಿಗಳನ್ನು ಕನ್ನಡದಲ್ಲಿ ಮಾತನಾಡಿಸಿದರು. ಈ ನೆಲದಲ್ಲಿ ದುಡಿದವರು ಬರವಣಿಗೆಯನ್ನು ಒಂದೇ ಬಗೆಗೆ ಕಟ್ಟಿಹಾಕಿಕೊಳ್ಳಲಿಲ್ಲ. ಓದುವವರು ಮಾತ್ರ ಕಟ್ಟಿಹಾಕಿಕೊಂಡಿದ್ದೇವೆ.

ರೇಷ್ಮೆ ಬಿಚ್ಚುವ ಮನೆಯ ಹುಡುಗಿಯೊಬ್ಬಳು ಗ್ರಂಥಾಲಯಕ್ಕೆ ಹೋಗಿ ಮೊದಲು ಯಾವುದನ್ನು ತರಲಿ ಎಂದು ಕೇಳಿದರೆ ನಾನು ‘ಊರು ಕೇರಿ’ ಎನ್ನುತ್ತೇನೆ. ಟಿಪ್ಪು ಬಗೆಗಿನ ಪುಸ್ತಕ ಎರಡನೆಯದಾಗಲಿ. ಅದೂ ಒಂದಲ್ಲ, ಒಂದಕ್ಕೊಂದು ಒಪ್ಪದ ಎರಡು. ಕಾನಕಾನಹಳ್ಳಿಯಲ್ಲಿ ಸುಟ್ಟುಹೋದ ಮನೆ ಯಾರದೆಂದು ಆಗ ಅವಳೇ ಕೇಳಬಹುದು.