ಪದ ಹೇಳೋದು

ದೇವದುರ್ಗದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಬೆಂಗಳೂರಿನಲ್ಲಿ ಒಂದು 'ಮ್ಯೂಸಿಕಲ್' ನೋಡಿ ಬಂದು ಮನೆಯಲ್ಲಿ ಅದನ್ನೇ ವರ್ಣಿಸುತ್ತಿದ್ದಳಂತೆ. ಕೇಳುತ್ತ ಕೂತ ಅಜ್ಜಿ, "ಪದ ಯಾರು ಹೇಳಿದ್ರವ್ವಾ?" ಅಂದರಂತೆ. ಮಗಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವಳಿಗೆ ಪದ ಅಂದರೆ ಪದಕೋಶದ ಪದ. ಮ್ಯೂಸಿಕಲ್ಲಿಗೂ ಆಪೆರಾಕ್ಕೂ 'ಸಂಗೀತ ನಾಟಕ' ಎಂಬ ಒಂದೇ ಹೆಸರು ಸಾಕಲ್ಲವೇ ಎಂದು ಓದುಗರು ಕೊನೆಗೆ ಕೇಳಿದ್ದಾರೆ.

ಸಾಲದು. ಆದರೆ ನನ್ನನ್ನು ಹಿಡಿದದ್ದು ಅಜ್ಜಿಯ ಮಾತು. ರಾಯಚೂರು ಸೀಮೆಯಲ್ಲಿ ಪದ ಅಂದರೆ ಹಾಡು. ಬೀಸುವ ಪದ, ತತ್ವಪದ, ಆಟದ ಪದ, ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಕೇಳುವ ರಿವಾಯತ ಪದ. ಅವನ್ನು 'ಹಾಡು' ಅನ್ನುವುದಕ್ಕಿಂತ 'ಹೇಳು' ಅನ್ನುವವರೇ ಹೆಚ್ಚು. "ಒಂದು ಪದ ಹೇಳ್ರಿ" ಅಂದರೆ ಕೂತವರು ದನಿ ತೆಗೆಯುತ್ತಾರೆ. ಈ 'ಹೇಳು' ಬರಿಯ ರೂಢಿಯಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಸುದ್ದಿಯಿಲ್ಲದ ಹಾಡನ್ನು ಈ ಸೀಮೆಯ ಜನ ಪದ ಅಂತ ಒಪ್ಪಲೇ ಇಲ್ಲ. ಈಗ ನಿರೂಪಕಿಯರ ಬಾಯಲ್ಲಿ ಎಲ್ಲವೂ 'ಸಾಂಗ್'. ಅದನ್ನು ಹಾಡಬಹುದು, ಪ್ಲೇ ಮಾಡಬಹುದು, ಹೇಳಲು ಬರುವುದಿಲ್ಲ.

ಇಟಲಿಯ ಫ್ಲಾರೆನ್ಸ್‌ನ ವಿದ್ವಾಂಸರು ಹದಿನಾರನೇ ಶತಮಾನದ ಕೊನೆಗೆ ಹುಡುಕಿದ್ದು ಈ ಹೇಳುವಿಕೆಯನ್ನೇ. ಪ್ರಾಚೀನ ಗ್ರೀಕರು ನಾಟಕವನ್ನು ಹಾಡಿನಲ್ಲೇ ನಡೆಸುತ್ತಿದ್ದರೆಂದು ನಂಬಿ, ಮಾತಿಗೂ ಹಾಡಿಗೂ ನಡುವಿನ ಒಂದು ದಾಟಿ ಕಟ್ಟಿದರು. 1600ರಲ್ಲಿ ಪೆರಿಯ 'ಯೂರಿಡಿಚೆ', 1607ರಲ್ಲಿ ಮಾಂಟೆವೆರ್ದಿಯ 'ಓರ್ಫಿಯೊ' ಬಂದವು. ಹಾಗೆಂದು ನಡುವೆ ಮಾತು ಬಂದರೆ ಮ್ಯೂಸಿಕಲ್, ಬರದಿದ್ದರೆ ಆಪೆರಾ ಎಂದು ಗೆರೆ ಎಳೆಯಲಾಗದು. 1791ರ ಮೊಜಾರ್ಟನ 'ಮ್ಯಾಜಿಕ್ ಫ್ಲೂಟ್'ನಲ್ಲಿ ಬೇಕಾದಷ್ಟು ಮಾತಿದೆ, ಅದು ಆಪೆರಾವೇ. ಗರ್ಶ್ವಿನ್‌ನ 'ಪೋರ್ಗಿ ಅಂಡ್ ಬೆಸ್' 1935ರಲ್ಲಿ ಬ್ರಾಡ್‌ವೇಗೆ ಬಂದು, ಐವತ್ತು ವರ್ಷಗಳ ನಂತರ ಮೆಟ್ರೊಪಾಲಿಟನ್ ಆಪೆರಾದ ರಂಗ ಹತ್ತಿತು. ಗೆರೆ ಇರುವುದು ದನಿಯಲ್ಲಿ. ಆಪೆರಾದಲ್ಲಿ ದನಿಯೇ ಯಜಮಾನ; ಮೈಕಿಲ್ಲದೆ ಇಡೀ ವಾದ್ಯವೃಂದವನ್ನು ಮೀರಿ ಕೊನೆಯ ಸಾಲಿಗೆ ಮುಟ್ಟಬೇಕು. ಆ ಭರದಲ್ಲಿ ಮಾತು ಕರಗಿದರೂ ನಡೆದೀತು. 1983ರಲ್ಲಿ ಟೊರಾಂಟೊದಲ್ಲಿ ರಂಗದ ಮೇಲ್ಗಡೆ ಸಾಹಿತ್ಯವನ್ನು ಅಕ್ಷರದಲ್ಲಿ ತೋರಿಸುವ ಪದ್ಧತಿ ಶುರುವಾದದ್ದು ಸುಮ್ಮನೆ ಅಲ್ಲ. ಮ್ಯೂಸಿಕಲ್‌ನಲ್ಲಿ ಒಂದು ಮಾತು ಕಿವಿ ತಪ್ಪಿದರೂ ಕಥೆಯ ಎಳೆ ತಪ್ಪುತ್ತದೆ.

ಈ ಲೆಕ್ಕದಲ್ಲಿ ನಮ್ಮ ದೊಡ್ಡಾಟ ಆಪೆರಾದ ಬಳಗ. ಬಯಲಿನಲ್ಲಿ, ಮದ್ದಳೆ ತಾಳಗಳ ಮೇಲೆ ಏರಿದ ದನಿ, ಅದನ್ನು ಎತ್ತಿಕೊಳ್ಳುವ ಹಿಮ್ಮೇಳ, ನಡುವೆ ಸಾರಥಿಯ ಜತೆ ಮಾತು. ಕಾಲು ಹಾರ್ಮೋನಿಯಂ, ತಬಲಾ, ಹಾಸ್ಯಪಾತ್ರಗಳ ಕಂಪನಿ ನಾಟಕ ಮ್ಯೂಸಿಕಲ್‌ನ ಬಳಗ. ಆದರೂ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಎಳೆಯರಾಗಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿ ಬಂದವರು. ಕಂಪನಿಯ ಜನ ದನಿಗೂ ಮಾತಿಗೂ ಸಮ ಬೆಲೆ ಕೊಟ್ಟರು.

ಪ್ರೇಕ್ಷಕರು 'ಒನ್ಸ್ ಮೋರ್' ಅಂದಾಗ ಕಥೆ ನಿಲ್ಲುತ್ತಿತ್ತು, ಪದ ಮತ್ತೆ ಮೊದಲಾಗುತ್ತಿತ್ತು. ಇಲ್ಲಿ ನನಗೆ ಆ ಗಾದೆಯ ಮೇಲೆ ಸಿಟ್ಟು ಬರುತ್ತದೆ: ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಸಭೆಯಲ್ಲಿ, ಟಿವಿ ಚರ್ಚೆಯಲ್ಲಿ ಯಾರಾದರೂ ಒಂದು ಮಾತನ್ನು ಎರಡು ಸಲ ಆಡಿದರೆ ಸಾಕು, ಈ ಗಾದೆ ಎಸೆಯುತ್ತಾರೆ. ಹಾಡಿದ್ದನ್ನೇ ಹಾಡದೆ ದಾಸ ಇನ್ನೇನು ಮಾಡಬೇಕು? ಪ್ರತಿ ನುಡಿಯ ಕೊನೆಗೂ ಪಲ್ಲವಿ ಬರಲೇಬೇಕು, ಮತ್ತು ನುಡಿ ಬೇರೆಯಾದಂತೆ ಅದೇ ಪಲ್ಲವಿಯ ಅರ್ಥವೂ ಬೇರೆಯಾಗುತ್ತದೆ. 'ಹರಿಕಥಾಮೃತಸಾರ'ದ ಜಗನ್ನಾಥದಾಸರು ಬಾಳಿದ ಮಾನ್ವಿಯಲ್ಲಿ ನಿಂತು ಈ ಗಾದೆ ಆಡಲು ನನಗಂತೂ ನಾಲಿಗೆ ಏಳದು. ಹ್ಯಾಂಡಲ್‌ನ ಆಪೆರಾಗಳಲ್ಲೂ ಗಾಯಕಿ ಹಾಡಿನ ಮೊದಲ ಭಾಗಕ್ಕೆ ಮರಳುತ್ತಾಳೆ, ಎರಡನೆಯ ಸಲ ಹೊಸ ಕುಸುರಿ ಸೇರಿಸುತ್ತಾಳೆ. ಕೇಳುವವರು ಕಾಯುವುದೇ ಆ ಎರಡನೆಯ ಸಲಕ್ಕೆ. ಇನ್ನು 'ಕಿಸಬಾಯಿ'. ಬಯಲಲ್ಲಿ ಮೇಲಿನ ಸ್ವರ ಹಿಡಿದವನ ಮುಖ ನೋಡಿ: ತುಟಿ ಅಗಲ, ಹಲ್ಲು ಹೊರಗೆ. ದನಿ ಊರ ಕೊನೆಗೆ ಮುಟ್ಟಬೇಕಾದರೆ ಬಾಯಿ ಹಾಗೆ ಕಿಸಿಯಲೇಬೇಕು. ಈ ಗಾದೆ ಹುಟ್ಟಿದ್ದು ಒಬ್ಬ ಒಳ್ಳೆಯ ಹಾಡುಗಾರನನ್ನು ಕಣ್ಣಾರೆ ಕಂಡವರ ಬಾಯಲ್ಲಿ ಎಂದೇ ನನ್ನ ವಾದ. ಬೈಗುಳವಾದದ್ದು ಆಮೇಲೆ, ಕೇಳುವ ತಾಳ್ಮೆ ಇಲ್ಲದವರ ಕೈಗೆ ಸಿಕ್ಕು.

ಹೆಸರಿನ ವಿಷಯಕ್ಕೆ ಬರುತ್ತೇನೆ. 'ಗೋಕುಲ ನಿರ್ಗಮನ' ಬರೆದ ಪು.ತಿ.ನ. ಅಂಥವಕ್ಕೆ ಗೀತನಾಟಕ ಎಂದರು. ಆಪೆರಾಕ್ಕೆ ಅದು ಒಪ್ಪುತ್ತದೆ. ಮ್ಯೂಸಿಕಲ್‌ಗೆ ನನ್ನ ಸಲಹೆ 'ಪದದ ನಾಟಕ'. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಮುಂದೆ ಅಂಥದ್ದೊಂದು ನಡೆದರೆ ಕರಪತ್ರದಲ್ಲಿ ಹಾಗೇ ಅಚ್ಚು ಹಾಕಿಸಿ, ಕೆಳಗೆ ಪದ ಹೇಳುವವರ ಹೆಸರನ್ನೂ ಬಿಡದೆ ಕೊಡಲಿ.